ಮೊರ ಹಿಡಿದ ಅರಸರು

ಮೊರವನ್ನು ಹೀಗೆ ಹಿಡಿದು, ಮೇಲಕ್ಕೆ ಹಾರಿಸದೆ, ಮಗ್ಗುಲಿಂದ ಮಗ್ಗುಲಿಗೆ ಆಡಿಸೋದಕ್ಕೆ ಏನಂತಾರೆ? ನಾಲಿಗೆ ತುದಿಯಲ್ಲೇ ಇದೆ. ಕೇರೋದು ಅಲ್ಲ. ತೂರೋದೂ ಅಲ್ಲ. ಒನ... ಒನಕೆ ಅಂತ ಬಾಯಿಗೆ ಬರ್ತಾ ಇದೆ, ಅದು ಕುಟ್ಟೋ ಸಾಮಾನು. ಒನೆ... ಹಾಂ, ಒನೆಯೋದು. ನಾನು ಹುಟ್ಟಿದ ಕಡೆ ಹಾಗಂತಿದ್ದರು. ಕೇರಿದರೆ ಹೊಟ್ಟು ಹಾರುತ್ತೆ, ಒನೆದರೆ ಭಾರದ್ದು ಬಂದು ಒಂದು ಮೂಲೆಗೆ ಕೂರುತ್ತೆ. ನಿಮ್ಮ ಕಡೆ ಏನಂತೀರಿ ಹನುಮಕ್ಕ?

"ನಾವ್ ಎಲ್ಲಾದಕ್ಕೂ ಹಸನ ಮಾಡೂದು ಅಂತೀವ್ರೀ ಅಮ್ಮಾರ."

ಪುಣ್ಯವಂತರು. ಒಂದೇ ಮಾತು ಇಟ್ಟುಕೊಂಡು ಸುಖವಾಗಿದ್ದೀರಿ. ಎರಡು ಮಾತು ಇಟ್ಟುಕೊಂಡಿದ್ದ ಎರಡು ನಾಡು ಹಿಂದೆ ಬೂದಿಯಾಗೋದರಲ್ಲಿದ್ದವು. ಆ ಕಥೆ ಹೇಳ್ತೀನಿ, ಕೇಳಿ. ಬೇಳೆ ಆರಿಸೋ ಕೈ ಆರಿಸ್ತಾ ಇರಲಿ. ಹೂಂಗುಟ್ಟೋ ಬಾಯಿ ಹೂಂಗುಟ್ಟಲಿ. ಕಥೆ ಬರೆದುಕೊಳ್ಳೋಕೆ ಬಂದ ಸಿಂಚನಾ ಕೂತು ಕೇಳಲಿ. ಹೂಂ ನಿಂತರೆ ಕಥೆಯೂ ನಿಂತಿತು.

ಹೊಳೆ ಹುಟ್ಟಿದ ಮೇಲೆ, ಸೇತುವೆ ಹುಟ್ಟೋದಕ್ಕೆ ಮುಂಚೆ, ಹೆಸರಿಲ್ಲದ ಒಂದು ಹೊಳೆಗೆ ಎರಡು ದಂಡೆ ಇದ್ದವು. ಎರಡು ದಂಡೆಗೆ ಇಬ್ಬರು ಅರಸರು. ಈಚೆದಂಡೆಗೆ ಬೊಪ್ಪರಾಯ, ಆಚೆದಂಡೆಗೆ ಸಿರಿಯಣ್ಣನಾಯಕ. ಇವನದು ಬಯಲು, ಅವನದು ಬೆಟ್ಟ. ಇವನ ಮನೆಯಲ್ಲಿ ಜೋಳ, ಅವನ ಮನೆಯಲ್ಲಿ ಚಳಿ.

ಆಚೆದಂಡೆಯ ಬೆಟ್ಟದಲ್ಲಿ ಉರಿಗಲ್ಲು ಅಂತ ಒಂದು ಕಲ್ಲು ಸಿಗುತ್ತಿತ್ತು. ನೋಡೋದಕ್ಕೆ ಸುಟ್ಟ ಬದನೆಕಾಯಿ ಹಾಗೆ. ಕುಟ್ಟಿ, ಜರಡಿ ಹಿಡಿದು, ಒಂದು ಹಿಡಿ ಒಲೆಗೆ ಹಾಕಿದರೆ ಚಳಿಗಾಲವೆಲ್ಲ ಸೌದೆ ಬೇಡ. ಜರಡಿ ಹಿಡಿದದ್ದನ್ನ ಮೊರಕ್ಕೆ ಹಾಕಿ ಕೇರಿದರೆ ಕಮ್ಮಾರನ ಕುಲುಮೆಗೆ ಆಯಿತು. ಒಳ್ಳೆಯ ಕಲ್ಲು. ಉಪಕಾರದ ಕಲ್ಲು. ಆದರೆ ಕೇರಿದ್ದನ್ನ ಒನೆದರೆ? ಒನೆದು, ಒನೆದು, ಇನ್ನೂ ಒನೆದು, ಮೊರದ ಮೂಲೆಗೆ ಕೂತ ಕರಿ ನುಚ್ಚನ್ನ ಗಡಿಗೆಗೆ ತುಂಬಿ ಬಾಯಿ ಕಟ್ಟಿದರೆ? ಆ ಗಡಿಗೆ ಒಡೆದ ದಿನ ಒಂದು ಊರು ಇರೋದಿಲ್ಲ. ಸುಡೋದು ಹಾಗಿರಲಿ, ಸುಟ್ಟ ಮೇಲೆ ಅಲ್ಲಿ ಹುಲ್ಲು ಹುಟ್ಟೋದಿಲ್ಲ, ಹಸು ಗಬ್ಬ ಕಟ್ಟೋದಿಲ್ಲ, ಬಾವಿ ನೀರು ಕುಡಿದವರ ತಲೆಯಲ್ಲಿ ಕೂದಲು ನಿಲ್ಲೋದಿಲ್ಲ.

ಇದು ಹೇಗೆ ಗೊತ್ತು ಅಂತೀರಾ? ಈಚೆದಂಡೆಯಲ್ಲೂ ಒಂದು ಕಾಲಕ್ಕೆ ಉರಿಗಲ್ಲು ಇತ್ತು. ಬೊಪ್ಪರಾಯನ ಅಜ್ಜ ಎರಡು ಗಡಿಗೆ ಮಾಡಿಸಿದ್ದ. ಒಂದನ್ನ ಊರಾಚೆಯ ಗುಡ್ಡದ ಮೇಲೆ ಒಡೆಸಿ ನೋಡಿದ. ಆ ಗುಡ್ಡ ಇವತ್ತಿಗೂ ಬೋಳು. ನೋಡಿ ಹೆದರಿ, ಇನ್ನೊಂದನ್ನ ಅರಮನೆಯ ನೆಲಮಾಳಿಗೆಯಲ್ಲಿ ಇಟ್ಟು ಬೀಗ ಹಾಕಿದ. ಮಾಡೋದು ಗೊತ್ತಿತ್ತು, ಬಿಡಿಸೋದು ಗೊತ್ತಿರಲಿಲ್ಲ. ಹಾಗಾಗಿ ಆ ಗಡಿಗೆ ಅಲ್ಲೇ ಕೂತಿತ್ತು.

ಒಂದು ಗಾಳಿಗಾಲದಲ್ಲಿ ಸುದ್ದಿ ಹುಟ್ಟಿತು. ಆಚೆದಂಡೆಯಲ್ಲಿ ಎತ್ತರದ ಗೋಡೆ ಕಟ್ಟಿ, ಉರಿಗಲ್ಲಿಗೆ ಅಂತ ಒಂದು ಮೊರದ ಮನೆ ಮಾಡಿದ್ದಾರಂತೆ. ಬೊಪ್ಪರಾಯ ಮೂವರು ಗೂಢಚಾರರನ್ನ ಕಳಿಸಿದ. ಒಬ್ಬ ಬಳೆಗಾರನಾಗಿ ಹೋದ. ಒಬ್ಬ ಎಮ್ಮೆ ದಲ್ಲಾಳಿಯಾಗಿ ಹೋದ. ಒಬ್ಬ ಕವಡೆ ಶಾಸ್ತ್ರದವನಾಗಿ ಹೋದ. ಮೂವರೂ ವಾಪಸು ಬಂದರು.

ಬಳೆಗಾರ ಹೇಳಿದ: "ಬುದ್ಧಿ, ಗೋಡೆಯೊಳಗೆ ಹೆಂಗಸರು ಹಾಡು ಹೇಳ್ತಿದ್ದಾರೆ. 'ಒನೆಯೋಣ ಬಾರೇ' ಅಂತ ಹಾಡು."

ದಲ್ಲಾಳಿ ಹೇಳಿದ: "ಬುದ್ಧಿ, 'ಒನೆಯೋಣ ಬಾರೇ' ಅಂತಲೇ ಹಾಡು."

ಕವಡೆಯವನು ಹೇಳಿದ: "ಬುದ್ಧಿ, ನಾನು ಬೇರೆ ಏನಾದರೂ ಹೇಳೋಣ ಅಂತ ನೋಡಿದೆ. ಅದೇ ಹಾಡು."

ಮೂರು ಬಾಯಿ, ಒಂದೇ ಮಾತು. ಬೊಪ್ಪರಾಯನ ಮುಖ ಬಿಳುಚಿತು. ಒನೀತಾ ಇದ್ದಾರೆ ಅಂದರೆ ಗಡಿಗೆ ಮಾಡ್ತಿದ್ದಾರೆ ಅಂತಲೇ. ದಳವಾಯಿ ಬಿಲ್ಲಪ್ಪನನ್ನ ಕರೆಸಿದ. ದಳವಾಯಿ ಅಂದರೆ ದಂಡಿನ ಯಜಮಾನ. ಎಮ್ಮೆಯ ಕತ್ತು, ಹಸುವಿನ ಕಣ್ಣು.

"ಬಿಲ್ಲಪ್ಪ, ಹೊಳೆ ಎಷ್ಟಿದೆ?"

"ಕುತ್ತಿಗೆಯುದ್ದ ಇದೆ ಬುದ್ಧಿ. ಸೊಂಟಕ್ಕಿಳಿದರೆ ಕುದುರೆ ದಾಟುತ್ತೆ. ಮೊಣಕಾಲಿಗಿಳಿದರೆ ದಂಡೆಲ್ಲ ದಾಟುತ್ತೆ."

"ಮೊಣಕಾಲಿಗಿಳಿದ ದಿನ ದಾಟು. ದಾಟಿ ಆ ಮನೆ ಸುಡು."

ಆಗ ಪರದೆಯ ಹಿಂದಿಂದ ಒಂದು ಕೆಮ್ಮು ಕೇಳಿಸಿತು. ಮಲ್ಲಾಜಮ್ಮ. ಬೊಪ್ಪರಾಯನ ಸೋದರತ್ತೆ, ಅವನನ್ನ ಸಾಕಿದವಳು. ನಾಡಿನ ರಾಯಭಾರವೆಲ್ಲ ಅವಳದೇ. ಮೀನಿನ ಜಗಳಕ್ಕೆ ಅವಳು ಹೋಗಬೇಕು, ಗಡಿಯ ಕಲ್ಲಿಗೆ ಅವಳು ಹೋಗಬೇಕು, ಮುರಿದು ಬೀಳೋ ಮದುವೆಗೂ ಅವಳೇ ಹೋಗಬೇಕು. ಎರಡು ಮನೆಯ ಬೈಗುಳ ತಿಂದು ಎರಡು ಮನೆಯಲ್ಲೂ ಊಟ ಮಾಡಿ ಬರೋಳು. ಅಂಥವರು ಒಂದು ಊರಿಗೆ ಒಬ್ಬರಿದ್ದರೆ ಊರಿನ ಪುಣ್ಯ.

"ಮೂವರೂ ಕೇಳಿದಿರಿ. ಯಾರಾದರೂ ಕಂಡಿರಾ?" ಅಂದಳು.

"ಗೋಡೆ ಎತ್ತರ ಇತ್ತು," ಅಂದ ಬಳೆಗಾರ. "ಬಾಗಿಲು ಹಾಕಿತ್ತು," ಅಂದ ದಲ್ಲಾಳಿ. "ನಾಯಿ ಇತ್ತು," ಅಂದ ಕವಡೆಯವನು.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೀನು ಕಿವಿಯಲ್ಲಿ ಕೇಳಿದ್ದಕ್ಕೆ ಮನೆ ಸುಡೋಕೆ ಹೊರಟೆಯಲ್ಲ ಮಗನೆ."

ಬೊಪ್ಪರಾಯ ಹೇಳಿದ: "ಅತ್ತೆ, ಇದು ನಿಜವಾದರೆ ನಮ್ಮೂರು ಉಳೀತು. ಸುಳ್ಳಾದರೆ ಒಂದು ಮನೆ ಸುಮ್ಮನೆ ಸುಟ್ಟುಹೋಯಿತು, ಅಷ್ಟೇ."

"ಸುಳ್ಳಾಗಿದ್ದರೆ, ನೀನು ಸುಟ್ಟ ಮಾರನೆಯ ದಿನದಿಂದ ಅವರು ಅದನ್ನ ನಿಜ ಮಾಡ್ತಾರೆ."

ಅರಸ ಬಿಲ್ಲಪ್ಪನಿಗೆ ತಡಿ ಅಂತ ಕೈ ಮಾಡಿದ. ಆಮೇಲೆ ಹೇಳಿದ: "ಹೋಗಿ ಬಾ. ಹೊಳೆ ಮೊಣಕಾಲಿಗಿಳಿಯೋವರೆಗೆ ನಿನ್ನ ಮಾತು. ಆಮೇಲೆ ಬಿಲ್ಲಪ್ಪನ ಕತ್ತಿ."

"ನಾನು ಅಲ್ಲೇ ಒಳಗಿದ್ದರೂ?"

"ಒಳಗಿದ್ದರೂ ಅತ್ತೆ." ಹೇಳಿ ಮುಖ ತಿರುಗಿಸಿಕೊಂಡ.

ಮಲ್ಲಾಜಮ್ಮನಿಗೆ ಇದ್ದೋಳು ಒಬ್ಬಳೇ ಮಗಳು, ದೇವಾಜಿ. ಅವಳಿಗೆ ತಿಂಗಳು ತುಂಬಿತ್ತು. ಚೊಚ್ಚಲು ಬಸುರಿ. ಹೊರಡೋ ಮುಂಚೆ ಮಗಳ ಕೆನ್ನೆ ಮುಟ್ಟಿ, "ಬಾಣಂತನಕ್ಕೆ ಬಂದುಬಿಡ್ತೀನಿ," ಅಂದಳು. ಹರಿಗೋಲು ಹತ್ತಿದಳು.

ಇದು ಮೊದಲನೆಯ ದಾಟು. ಹೊಳೆ ಕುತ್ತಿಗೆಯುದ್ದ. ಹೂಂ ಅನ್ನಿ.

ಆಚೆದಂಡೆಯಲ್ಲಿ ಅವಳಿಗೆ ಏನು ಮರ್ಯಾದೆ ಆಯಿತು? ಬಿಸಿಲಲ್ಲಿ ನಿಲ್ಲಿಸಿದರು. ನಿಂತಳು. ಗಾಳಿಯಲ್ಲಿ ನಿಲ್ಲಿಸಿದರು. ನಿಂತಳು. ಮಳೆ ಹನಿಯಲ್ಲಿ ನಿಲ್ಲಿಸಿದರು. ಕೊಡೆ ಬಿಚ್ಚಿಕೊಂಡು ನಿಂತಳು. ಆಮೇಲೆ ಸಿರಿಯಣ್ಣನಾಯಕ ಒಳಗೆ ಕರೆಸಿದ. ಕಪ್ಪು ಕಂಬಳಿ ಹೊದ್ದ ಒಣಕಲು ಮನುಷ್ಯ, ಮಾತು ಮೆಣಸಿನಕಾಯಿ.

"ನಿಮ್ಮ ಅರಸರಿಗೆ ಗಂಡಸರು ಸಿಗಲಿಲ್ಲವೋ?"

"ಗಂಡಸರೆಲ್ಲ ಕತ್ತಿ ಮಸೀತಿದ್ದಾರೆ. ಬಿಡುವಾಗಿದ್ದೋಳು ನಾನೊಬ್ಬಳೇ."

ಅವನಿಗೆ ನಗು ಬಂತು, ತಡೆದುಕೊಂಡ. "ಏನು ಬೇಕು?"

"ಮೊರದ ಮನೆ ನೋಡಬೇಕು."

"ಮೊದಲು ನಿಮ್ಮ ನೆಲಮಾಳಿಗೆ ತೋರಿಸಿ."

"ಅದಕ್ಕೂ ಬರೋಣ. ಈಗ ಇದನ್ನ ಕೇಳಿ. ನಮ್ಮ ದಂಡು ದಂಡೆಗೆ ಬಂದು ಕೂತಿದೆ. ಒಂದು ಮಾತಿನ ಮೇಲೆ ಬಂದು ಕೂತಿದೆ. ಆ ಮಾತು ನಿಜವಾದರೆ ನೀವು ನಿಜಕ್ಕೆ ಸಾಯ್ತೀರಿ. ಸುಳ್ಳಾದರೆ ಸುಳ್ಳಿಗೆ ಸಾಯ್ತೀರಿ. ಯಾವುದಕ್ಕೆ ಸಾಯ್ತೀರಿ ಅಂತ ನೋಡಿ ಹೋಗೋಕೆ ಬಂದೆ."

ಸಿರಿಯಣ್ಣನಾಯಕ ಅವಳ ಮುಖ ನೋಡಿದ. ನೋಡಿ ಎದ್ದ. ತಾನೇ ಬಾಗಿಲು ತೆಗೆಸಿದ.

ಒಳಗೆ ಹೆಂಗಸರ ಸಾಲು. ಮೂಗಿಗೆ ಬಟ್ಟೆ, ಕೈಯಲ್ಲಿ ಮೊರ, ಬಾಯಲ್ಲಿ ಅದೇ ಹಾಡು. ಗೂಢಚಾರರ ಮಾತು ನಿಜವೇ ಅಂದುಕೊಂಡಳು ಮಲ್ಲಾಜಮ್ಮ. ಆದರೆ ಕಣ್ಣು ಕೈಗಳ ಮೇಲೆ ಹೋಯಿತು. ಕೈ ಏನು ಮಾಡ್ತಿತ್ತು? ಮೇಲೆ, ಕೆಳಗೆ. ಮೇಲೆ, ಕೆಳಗೆ. ಬೂದಿ ಹಾರಿ ಹೋಗ್ತಿತ್ತು.

"ಏನು ಮಾಡ್ತಿದ್ದೀರೇ ತಾಯಿ?"

ಹತ್ತಿರದವಳು ತಲೆ ಎತ್ತಿ ಹೇಳಿದಳು: "ಒನೀತಾ ಇದ್ದೀವಿ. ಕಣ್ಣು ಕಾಣಲ್ವ?"

ಮಲ್ಲಾಜಮ್ಮ ಅಲ್ಲೇ ಕೂತುಬಿಟ್ಟಳು. ನಗು ಬಂತು, ನಗುವಿನ ಹಿಂದೆ ಕಣ್ಣೀರು ಬಂತು. ಈಚೆದಂಡೆಯಲ್ಲಿ ಯಾವುದು ಕೇರೋದೋ, ಆಚೆದಂಡೆಯಲ್ಲಿ ಅದು ಒನೆಯೋದು. ಮೂರು ಕಿವಿ ಸರಿಯಾಗೇ ಕೇಳಿದ್ದವು. ಹೊಳೆಯ ಅಗಲ ಮರೆತಿದ್ದವು.

"ಆಮ್ಯಾಲ ಮನೀಗ್ ಬಂದ್ಲೇನ್ರೀ? ಮುಗೀತಲ್ಲ ಜಗಳ," ಅಂತೀರಾ ಹನುಮಕ್ಕ. ಅಷ್ಟಕ್ಕೇ ಮುಗಿದಿದ್ದರೆ ಅವಳು ನಗ್ತಾ ಮನೆಗೆ ಹೋಗ್ತಿದ್ದಳು. ಅವಳು ಒಂದು ಮೊರ ಕೈಗೆ ತಗೊಂಡು ಮಗ್ಗುಲಿಂದ ಮಗ್ಗುಲಿಗೆ ಆಡಿಸಿ ಕೇಳಿದಳು: "ಹಾಗಾದರೆ ಇದಕ್ಕೆ ಏನಂತೀರಿ?"

ಹಾಡು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ಕೇರೋದು," ಅಂದಳು ಆ ಹೆಂಗಸು. "ಅದಕ್ಕೆ ಇನ್ನೂ ಅಪ್ಪಣೆ ಆಗಿಲ್ಲ."

ಇನ್ನೂ. ಕೇಳಿಸಿಕೊಂಡಿರಾ? ಮಲ್ಲಾಜಮ್ಮ ಕೇಳಿಸಿಕೊಂಡಳು. ತಲೆ ಎತ್ತಿ ಗೋಡೆ ನೋಡಿದಳು. ಗೋಡೆಯ ತುಂಬಾ ಹೊಸ ಮೊರಗಳು, ಮೆಂತ್ಯದ ಹಿಟ್ಟು ಬಳಿದು ಒಣಗೋಕೆ ನೇತುಹಾಕಿದ್ದವು. ಮೆಂತ್ಯದ ಹಿಟ್ಟು ಯಾಕೆ ಬಳೀತಾರೆ? ಸಂದು ಮುಚ್ಚೋಕೆ. ಬೂದಿ ಹಾರಿಸೋ ಮೊರಕ್ಕೆ ಸಂದಿದ್ದರೂ ನಡೀತದೆ. ನುಣ್ಣನೆಯ ನುಚ್ಚು ಮೂಲೆಗೆ ಕೂರಬೇಕಾದರೆ ಸೂಜಿಮೊನೆಯಷ್ಟೂ ಸಂದು ಇರಬಾರದು.

ಅವಳು ಸಿರಿಯಣ್ಣನಾಯಕನ ಕಡೆ ತಿರುಗಿದಳು. "ಇದು ಒಲೆಗಲ್ಲ ನಾಯಕರೇ."

ಅವನು ಸುಳ್ಳು ಹೇಳಲಿಲ್ಲ. ಅದು ಅವನ ದೊಡ್ಡತನ. "ನಿಮ್ಮಲ್ಲಿ ಒಂದಿದೆ," ಅಂದ. "ನಿಮ್ಮಲ್ಲಿದ್ದರೆ ಕಾವಲು, ನಮ್ಮಲ್ಲಿದ್ದರೆ ಕೇಡೋ? ನನ್ನ ಮಕ್ಕಳು ಹೊಳೆ ಕಡೆ ತಲೆ ಹಾಕಿ ಮಲಗೋದಿಲ್ಲ. ಗೊತ್ತಾ ನಿಮಗೆ?"

ಈ ಮಾತಿಗೆ ಅವಳು ಉತ್ತರ ಹುಟ್ಟಿಸಿ ಹೇಳಲಿಲ್ಲ. "ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಕೇಳಿ ಬರ್ತೀನಿ," ಅಂದಳು.

ವಾಪಸು ಬಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಬಚ್ಚಿಡಬಹುದಾಗಿತ್ತು. ಮಾತು ತಪ್ಪು ಕೇಳಿದ್ದೀರಿ, ಅಲ್ಲೇನೂ ಇಲ್ಲ, ಅಂತ ಹೇಳಿ ದಂಡನ್ನ ಮನೆಗೆ ಕಳಿಸಬಹುದಾಗಿತ್ತು. ಆದರೆ ಒಂದು ದಿನ ಸುಳ್ಳು ಹೇಳಿದ ರಾಯಭಾರಿಯನ್ನ ಎರಡನೆಯ ದಿನ ಯಾರು ನಂಬುತ್ತಾರೆ?

"ಅವರು ಇನ್ನೂ ಮಾಡಿಲ್ಲ. ಮಾಡೋ ಮನಸ್ಸಿದೆ," ಅಂದಳು.

"ಮಾಡೋದಕ್ಕೆ ಮುಂಚೆಯೇ ಸುಡೋಣ," ಅಂದ ಬೊಪ್ಪರಾಯ.

ಆಗ ಬಿಲ್ಲಪ್ಪ ಬಾಯಿ ತೆಗೆದ. "ಬುದ್ಧಿ, ಸುಡೋದು ನನಗೆ ಕಷ್ಟವಲ್ಲ. ಅಮ್ಮಣ್ಣಿ, ಒಂದು ಹೇಳಿ. ಆ ಹೆಂಗಸರಿಗೆ ಮೊರ ಹಿಡಿಯೋದು ಕಲಿಸಿದ್ದು ಯಾರು?"

"ಅವರವರ ತಾಯಂದಿರು."

"ಹಾಗಿದ್ದರೆ ನಾನು ಸುಡೋದು ಗೋಡೆಯನ್ನ, ಮೊರವನ್ನ. ಕೈಯನ್ನಲ್ಲ. ಆ ಕೈಗಳು ಇನ್ನೊಂದು ಮೊರ ಹೆಣೀತವೆ. ಈ ಸಲ ಗವಿಯೊಳಗೆ ಕೂತು ಹೆಣೀತವೆ. ಆಗ ಹಾಡೂ ಕೇಳಿಸೋದಿಲ್ಲ ಬುದ್ಧಿ."

ನೋಡಿ, ಕತ್ತಿ ಹಿಡಿದವನಿಗೆ ಕತ್ತಿಯ ಉದ್ದ ಗೊತ್ತಿತ್ತು. ಎಷ್ಟೋ ಜನಕ್ಕೆ ಅದೇ ಗೊತ್ತಿರೋದಿಲ್ಲ. ಆದರೂ ಅವನು ಇನ್ನೊಂದು ಮಾತು ಸೇರಿಸಿದ: "ಅಮ್ಮಣ್ಣಿ, ನೀವು ಮಾತಾಡಿ. ನನ್ನ ಕತ್ತಿ ಒರೆಯಲ್ಲಿದೆ ಅಂತ ಹೇಳಿ. ಒರೆ ಸೊಂಟದಲ್ಲೇ ಇದೆ ಅಂತಲೂ ಹೇಳಿ."

ಎರಡನೆಯ ದಾಟು. ಹೊಳೆ ಸೊಂಟದುದ್ದ. ದಂಡೆಯ ಮೇಲೆ ಕುದುರೆಗಳು ನೀರು ಮೂಸ್ತಾ ನಿಂತಿದ್ದವು.

ಈ ಸಲ ಸಿರಿಯಣ್ಣನಾಯಕ ಬಿಸಿಲಲ್ಲಿ ನಿಲ್ಲಿಸಲಿಲ್ಲ. ಮಜ್ಜಿಗೆ ಕೊಟ್ಟ. ಉಪ್ಪು ಜಾಸ್ತಿಯಾಗಿತ್ತು, ಅವಳು ಕುಡಿದಳು. ಇಬ್ಬರೂ ಎದುರುಬದುರು ಕೂತರು. ಜರಡಿ ನಿಮ್ಮದು, ಯಾರೂ ಕೇಳೋದಿಲ್ಲ, ಅಂದಳು. ಬೂದಿ ಹಾರಿಸೋದೂ ನಿಮ್ಮದು, ಕುಲುಮೆ ಉರೀಲಿ, ಅಂದಳು. ಚಳಿಗಾಲಕ್ಕೆ ನಮ್ಮ ಜೋಳ ಬರ್ತದೆ, ನಮ್ಮ ಒಲೆಗಳಿಗೆ ನಿಮ್ಮ ಪುಡಿ ಬರಲಿ, ಅಂದಳು. ಮಗ್ಗುಲಾಟ ಒಂದು ಬೇಡ. ಆ ಹೊಸ ಮೊರಗಳನ್ನ ಬಿಚ್ಚಿಬಿಡಿ.

"ಬಿಚ್ಚಿದೆ ಅನ್ನಿ. ನಾನು ಮತ್ತೆ ಹೆಣೆಸಿಲ್ಲ ಅಂತ ನೀವು ಹೇಗೆ ನಂಬ್ತೀರಿ?"

"ನಮ್ಮವರೊಬ್ಬರು ನಿಮ್ಮ ಮೊರದ ಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರ್ತಾರೆ. ದಿನಾ ಕೂರ್ತಾರೆ. ನೋಡ್ತಾರೆ."

"ಓಹೋ. ಮನೆ ನಮ್ಮದು, ಕಣ್ಣು ನಿಮ್ಮದು. ಹಾಗಾದರೆ ನಮ್ಮವರೊಬ್ಬರು ನಿಮ್ಮ ನೆಲಮಾಳಿಗೆ ಬಾಗಿಲಲ್ಲಿ ಕೂರಲಿ. ಆ ಗಡಿಗೆ ಅಲ್ಲಾಡಲಿಲ್ಲ ಅಂತ ದಿನಾ ನೋಡಲಿ. ಒಪ್ಪಿಗೆಯಾ?"

ಇದು ಅವಳಿಗೆ ಕೊಟ್ಟು ಕಳಿಸಿದ ಮಾತಲ್ಲ. ಅರಸನ ನೆಲಮಾಳಿಗೆಗೆ ಅರಸನ ಹೆಂಡತಿಗೇ ಪ್ರವೇಶ ಇರಲಿಲ್ಲ. ಆದರೂ ಅವಳು ಬೇಡ ಅನ್ನಲಿಲ್ಲ. ಯಾಕೆ? ನ್ಯಾಯ ಅಲ್ಲಿತ್ತು.

"ಕೇಳಿ ಬರ್ತೀನಿ."

"ಹೊಳೆ ಮೊಣಕಾಲಿಗಿಳಿಯೋದರೊಳಗೆ ಬನ್ನಿ. ನೀರಿಳಿದ ಮೇಲೆ ನೀವು ಬರದಿದ್ದರೆ ನಿಮ್ಮ ದಂಡು ಬರ್ತಿದೆ ಅಂತ ತಿಳೀತೀನಿ. ಆಗ ನಾನು ಅಪ್ಪಣೆ ಕೊಡ್ತೀನಿ. ಆ ಮೊರಗಳು ಒಣಗಿವೆ."

ಬಂದಳು. ಹೇಳಿದಳು. ಬೊಪ್ಪರಾಯ ಕೂಗಾಡಿದ. "ನನ್ನ ಅಜ್ಜನ ಗಡಿಗೆಗೆ ಅವನ ಕಾವಲೋ? ನಾನೇನು ಅವನ ಆಳೋ?"

ಅವಳು ಅವನಿಗೆ ಕೂಗಿ ಮುಗಿಸೋಕೆ ಬಿಟ್ಟಳು. ಆಮೇಲೆ, ಚಿಕ್ಕವನಿದ್ದಾಗ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು: "ಬೊಪ್ಪ, ಆ ಗಡಿಗೆ ಮೇಲೆ ಮಲಗಿ ನೀನು ಎಷ್ಟು ದಿನ ಚೆನ್ನಾಗಿ ನಿದ್ದೆ ಮಾಡಿದ್ದೀಯ?"

ಅವನು ಕಾಲ ಕೆಳಗಿನ ನೆಲ ನೋಡಿದ.

"ನಿಮ್ಮಜ್ಜ ಮಾಡಲಿಲ್ಲ. ನಿಮ್ಮಪ್ಪ ಮಾಡಲಿಲ್ಲ. ಕೆಳಗೆ ಇಲಿ ಓಡಾಡಿದರೆ ಎದ್ದು ಕೂರ್ತೀಯ. ಅವನು ಹೊಳೆ ಕಡೆ ತಲೆ ಹಾಕಿ ಮಲಗೋದಿಲ್ಲ, ನೀನು ನೆಲಕ್ಕೆ ತಲೆ ಕೊಟ್ಟು ಮಲಗೋದಿಲ್ಲ. ಇನ್ನೊಬ್ಬರು ಕೂತು ನೋಡಿದರೆ ನಿನಗೇನು ಕಮ್ಮಿಯಾಗುತ್ತೆ?"

"ಮಾನ ಹೋಗುತ್ತೆ."

"ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಅಂಟೋದಿಲ್ಲ ಮಗನೆ. ಮಾನ ಅಂಟುತ್ತೆ."

ಬೊಪ್ಪರಾಯ ಬಿಲ್ಲಪ್ಪನ ಕಡೆ ನೋಡಿದ. ಬಿಲ್ಲಪ್ಪ ಹೊಳೆ ಕಡೆ ನೋಡ್ತಿದ್ದ. "ಬುದ್ಧಿ, ನನ್ನ ಹುಡುಗರು ಹೊಳೆ ದಾಟ್ತಾರೆ. ನೀವು ಹೇಳಿದರೆ ಈಗಲೇ ದಾಟ್ತಾರೆ. ವಾಪಸು ಬಂದಾಗ ಅವರಿಗೆ ಊರು ಇರಬೇಕು, ಅಷ್ಟೇ ನಾನು ಕೇಳೋದು."

ಅರಸ ಸೊಂಟದಿಂದ ನೆಲಮಾಳಿಗೆಯ ಬೀಗದಕೈ ಬಿಚ್ಚಿ ಅತ್ತೆಯ ಮುಂದೆ ಇಟ್ಟ. ಅದು ಕೂಡ ಒಂದು ಶೂರತನ. ಅದಕ್ಕೆ ಲಾವಣಿ ಕಟ್ಟೋರು ಇಲ್ಲ.

ಅವಳು ಹೊಳೆ ಕಡೆ ಹೊರಟಳು. ದಾರಿಯಲ್ಲಿ ಮಗಳ ಮನೆಯಿಂದ ಆಳು ಓಡಿಬಂದ. ದೇವಾಜಿಗೆ ನೋವು ಶುರುವಾಗಿದೆ.

ಈಗ ಹೇಳಿ, ನೀವಾಗಿದ್ದರೆ ಏನು ಮಾಡ್ತಿದ್ದಿರಿ? ಒಂದು ಕಡೆ ಹೆತ್ತ ಮಗಳು, ಒಂದು ಕಡೆ ಇಳೀತಾ ಇರೋ ಹೊಳೆ. ಅವಳು ಮಗಳ ಮನೆಗೆ ಓಡಿದಳು. ಬಾಗಿಲಲ್ಲಿ ನಿಂತು ಒಳಗೆ ಕೈ ಚಾಚಿ ಮಗಳ ಕೈ ಹಿಡಿದಳು.

"ಬಂದೆಯಾ ಅವ್ವಾ," ಅಂದಳು ದೇವಾಜಿ.

"ಬಂದೆ. ಹೋಗಬೇಕು."

"ಬಾಣಂತನ?"

"ನಿಮ್ಮತ್ತೆ ಮಾಡ್ತಾರೆ."

"ಅವರ ಕೈಯ ಮೆಣಸಿನ ಸಾರು ಬರೀ ನೀರು."

ಒಳಗಿಂದ ಬೀಗಿತ್ತಿ ಹೇಳಿದಳು: "ಊರಿಗೆ ಉಪಕಾರಿ, ಮನೆಗೆ ಮಾರಿ. ಹೋಗಲಿ ಬಿಡಮ್ಮ, ಅವರಿಗೆ ನಾಡು ಕಾಯೋ ಕೆಲಸ ಇದೆ."

ಆ ಮಾತು ಮಲ್ಲಾಜಮ್ಮನಿಗೆ ತಾಗಿತು. ತಾಗಲಿಲ್ಲ ಅಂತ ಹೇಳೋದು ಸುಳ್ಳು. ಆದರೂ ಬೀಗಿತ್ತಿಯ ಮುಂದೆ ಕೈ ಮುಗಿದು, "ಸಾರಿಗೆ ಮೆಣಸು ಒಂದು ಹಿಡಿ ಜಾಸ್ತಿ ಹಾಕಿ ತಾಯಿ," ಅಂತ ಹೇಳಿ ನಡೆದಳು. ಮಗು ಅತ್ತ ಸದ್ದು ಕೇಳೋದಕ್ಕೂ ಅವಳು ನಿಲ್ಲಲಿಲ್ಲ.

ಮೂರನೆಯ ದಾಟು. ಹೊಳೆ ಮೊಣಕಾಲುದ್ದ. ಹರಿಗೋಲು ತೇಲಲಿಲ್ಲ, ಸೀರೆ ಎತ್ತಿ ಕಟ್ಟಿ ನಡೆದೇ ದಾಟಿದಳು. ಆಚೆ ದಡದಲ್ಲಿ ಸಿರಿಯಣ್ಣನಾಯಕ ನಿಂತಿದ್ದ. ನೀರಿನಲ್ಲಿ ಮೊದಲು ಕಾಣಿಸೋದು ಕುದುರೆಯೋ ಹೆಂಗಸೋ ಅಂತ ನೋಡ್ತಾ ನಿಂತಿದ್ದ. ಹೆಂಗಸು ಕಾಣಿಸಿತು. ಅವನೇ ನೀರಿಗಿಳಿದು ಬಂದು ಕೈ ಕೊಟ್ಟ. ಅವಳು ನೆಲಮಾಳಿಗೆಯ ಬೀಗದಕೈ ತೋರಿಸಿದಳು.

ಒಪ್ಪಂದ ಆಯಿತು ಅಂತೀರಾ? ಇನ್ನೂ ಇಲ್ಲ. ಹೊಳೆಯ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಇಬ್ಬರು ಅರಸರು, ಓಲೆ ಬರೆಯೋ ಇಬ್ಬರು ಕರಣಿಕರು. ಈ ಕರಣಿಕ ಹೇಳಿದ, "ಕೇರಬಹುದು, ಒನೆಯಬಾರದು." ಆ ಕರಣಿಕ ಹೇಳಿದ, "ಒನೆಯಬಹುದು, ಕೇರಬಾರದು." ಇಬ್ಬರೂ ಹೇಳ್ತಿರೋದು ಒಂದೇ, ಇಬ್ಬರೂ ಕಿತ್ತಾಡ್ತಿದ್ದಾರೆ. ಬಿಸಿಲೇರಿತು. ದಂಡುಗಳ ಕೈ ಕತ್ತಿಯ ಕಡೆ ಹೋಯಿತು.

ಮಲ್ಲಾಜಮ್ಮ ಎದ್ದಳು. "ಮಾತು ಸಾಕು. ಎರಡು ಮೊರ ತನ್ನಿ."

ತಂದರು. ಒಂದನ್ನ ಬೊಪ್ಪರಾಯನ ಕೈಗೆ ಕೊಟ್ಟಳು, ಒಂದನ್ನ ಸಿರಿಯಣ್ಣನಾಯಕನ ಕೈಗೆ. ಎರಡರ ಮೇಲೂ ಜೋಳ ಸುರಿದಳು. ಹುಟ್ಟಿದಾಗಿನಿಂದ ಮೊರ ಮುಟ್ಟದ ಕೈಗಳು. ಬೊಪ್ಪರಾಯ ಮೇಲೆ ಹಾರಿಸಿದ, ಜೋಳವೆಲ್ಲ ಕಿರೀಟದ ಮೇಲೆ ಬಿತ್ತು. ಸಿರಿಯಣ್ಣನಾಯಕ ಹಾರಿಸಿದ, ಜೋಳವೆಲ್ಲ ಹೊಳೆಗೆ ಹೋಯಿತು. ಎರಡು ದಂಡೆಯ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸೈನಿಕರೂ ನಕ್ಕರು. ನಗೋರ ಕೈಯಲ್ಲಿ ಕತ್ತಿ ನಿಲ್ಲೋದಿಲ್ಲ ಅನ್ನೋದು ಗೊತ್ತಿದೆಯಲ್ಲ.

ಅವಳು ಅವರ ಕೈ ಹಿಡಿದು ಮೇಲೆ ಕೆಳಗೆ ಆಡಿಸಿದಳು. "ಇದು?" ಇಬ್ಬರೂ ಹೇಳಿದರು, "ಆಗಬಹುದು." ಮಗ್ಗುಲಿಂದ ಮಗ್ಗುಲಿಗೆ ಆಡಿಸಿದಳು. "ಇದು?" ಇಬ್ಬರೂ ಹೇಳಿದರು, "ಬೇಡ." ಅಷ್ಟೇ ಒಪ್ಪಂದ. ಕರಣಿಕರ ಓಲೆ ಹೊಳೆಗೆ ಹೋಯಿತು.

"ಬಾಗಿಲಲ್ಲಿ ಕೂರೋರು ಯಾರು?" ಅಂದ ಬೊಪ್ಪರಾಯ.

ಸಿರಿಯಣ್ಣನಾಯಕ ಹೇಳಿದ: "ನಮ್ಮ ಕಡೆಯಿಂದ ನನ್ನ ತಮ್ಮ ಬರ್ತಾನೆ. ನಿಮ್ಮ ಕಡೆಯಿಂದ ಬೇರೆ ಯಾರೂ ನನಗೆ ಬೇಡ. ಇವರು ಬರಲಿ. ಇವರು ನಿಮಗೆ ನನ್ನ ವಿಷಯ ಮುಚ್ಚಿಡಲಿಲ್ಲ, ನನಗೆ ನಿಮ್ಮ ವಿಷಯ ಮುಚ್ಚಿಡಲಿಲ್ಲ."

ಮಲ್ಲಾಜಮ್ಮ ಒಮ್ಮೆ ಹಿಂದಕ್ಕೆ ತಿರುಗಿ ಈಚೆದಂಡೆ ನೋಡಿದಳು. ಹೊಗೆ ಏಳ್ತಿದ್ದ ಮನೆಗಳಲ್ಲಿ ಮಗಳ ಮನೆ ಯಾವುದು ಅಂತ ಗುರುತು ಹಿಡಿದಳು. ಆಮೇಲೆ ಆಚೆ ನಡೆದಳು.

ಅಲ್ಲೇ ಕೂತಳು. ಮಳೆ ಬಂತು, ಕೂತಳು. ಚಳಿ ಬಂತು, ಕೂತಳು. ಬಿಸಿಲು ಬಂತು, ಕೂತಳು. ದೇವಾಜಿ ಮಗುವನ್ನ ಎತ್ತಿಕೊಂಡು ಹೊಳೆ ದಾಟಿ ಬಂದಾಗ, ಮಗು ಅಜ್ಜಿಯನ್ನ ನೋಡಿ ಹೆದರಿ ಅತ್ತಿತು. ಅದನ್ನೂ ಸಹಿಸಿದಳು. ಅಲ್ಲಿಯ ಹೆಂಗಸರು ಅವಳನ್ನ ಮೊದಲು "ಆಚೆಯವಳು" ಅಂದರು, ಆಮೇಲೆ "ಮಣೆಯಮ್ಮ" ಅಂದರು, ಕೊನೆಗೆ "ನಮ್ಮಮ್ಮ" ಅಂದರು.

ಎಲ್ಲಾ ಸುಗಮವಾಗಿತ್ತು ಅಂತ ನಾನು ಹೇಳೋದಿಲ್ಲ. ಒಂದು ಸಲ ಗೋಡೆಯೊಳಗಿಂದ ಮಗ್ಗುಲಾಟದ ಸದ್ದು ಬಂತು. ಕೇರಿದರೆ ಪಟಪಟ, ಇದು ಸರಸರ. ಅವಳು ಎದ್ದುಹೋಗಿ ನೋಡಿದಳು. ಹುರುಪಿನವರು ಯಾರೋ ಆಡಿಸಿ ನೋಡ್ತಿದ್ದರು. ಅವಳು ಕೂಗಲಿಲ್ಲ. ಮೊದಲು ಸಿರಿಯಣ್ಣನಾಯಕನಿಗೆ ಹೇಳಿದಳು, ಆಮೇಲೆ ಅವನಿಗೆ ತಿಳಿಸಿಯೇ ಬೊಪ್ಪರಾಯನಿಗೆ ಹೇಳಿಕಳಿಸಿದಳು. ಮುಂಚೆಯಾಗಿದ್ದರೆ ದಂಡು ದಾಟ್ತಿತ್ತು. ಈ ಸಲ ದಾಟಿದ್ದು ಒಂದು ಹರಿಗೋಲು. ಆ ಮೊರವನ್ನ ಸಿರಿಯಣ್ಣನಾಯಕ ಎಲ್ಲರ ಮುಂದೆ ತನ್ನ ಕೈಯಿಂದಲೇ ಬಿಚ್ಚಿದ. ಹುರುಪಿನವರನ್ನ ಕುಲುಮೆಗೆ ಕಳಿಸಿದ. ಅಲ್ಲಿ ಬೇಕಾದಷ್ಟು ಉರಿ ಇತ್ತು.

ಹೀಗೇ ಕಾಲ ಹೋಯಿತು. ಬೊಪ್ಪರಾಯ ತೀರಿಕೊಂಡ, ಅವನ ಮಗ ಅರಸನಾದ. ಸಿರಿಯಣ್ಣನಾಯಕನ ತಲೆ ನೆರೆಯಿತು. ಬಿಲ್ಲಪ್ಪ ಮುದುಕನಾದ, ಕತ್ತಿ ಮೊಮ್ಮಕ್ಕಳ ಆಟಕ್ಕೆ ಹೋಯಿತು. ಒಂದು ದಿನ ಮಲ್ಲಾಜಮ್ಮ ಮಣೆಯ ಮೇಲೆ ಕೂತ ಹಾಗೇ ಕಣ್ಣು ಮುಚ್ಚಿದಳು.

ಸಿರಿಯಣ್ಣನಾಯಕ ಈಗ ಏನು ಬೇಕಾದರೂ ಮಾಡಬಹುದಿತ್ತು. ಬಾಗಿಲಲ್ಲಿ ಕಣ್ಣಿಲ್ಲ. ಹೊಳೆ ತುಂಬಿದೆ. ಸುದ್ದಿ ಮುಟ್ಟಿಸೋರಿಲ್ಲ. ಅವಳು ಸತ್ತದ್ದನ್ನ ಅವನು ಹೇಳದಿದ್ದರೆ ಹೊಳೆ ಇಳಿಯೋವರೆಗೂ ಯಾರಿಗೂ ತಿಳೀತಿರಲಿಲ್ಲ.

ಅವನೇನು ಮಾಡಿದ? ತುಂಬಿದ ಹೊಳೆಯಲ್ಲಿ ಹರಿಗೋಲು ಬಿಡಿಸಿದ. ಬಂದ ದೂತ ಈಚೆದಂಡೆಯ ಎಳೆಯ ಅರಸನ ಮುಂದೆ ಮೈಯೆಲ್ಲ ಒದ್ದೆಯಾಗಿ ನಿಂತು ಹೇಳಿದ: "ನಮ್ಮ ನಾಯಕರು ಹೇಳಿಕಳಿಸಿದ್ದಾರೆ. ನಮ್ಮಮ್ಮ ಹೋದರು. ಮಣೆ ಖಾಲಿ ಇದೆ. ನಿಮ್ಮ ಕಡೆಯಿಂದ ಬೇಗ ಒಬ್ಬರನ್ನ ಕಳಿಸಿ. ಯಾರಾದರೂ ಬಂದು ಕೂರೋವರೆಗೂ ನಾವು ಮೊರ ಮುಟ್ಟೋದಿಲ್ಲ. ಚಳಿ ಬರ್ತಿದೆ, ತಡ ಮಾಡಬೇಡಿ."

ಹೋಗೋರು ಯಾರು? ಹುಟ್ಟಿದ ಊರು ಬಿಟ್ಟು, ಇನ್ನೊಬ್ಬರ ಬಾಗಿಲಲ್ಲಿ, ಇನ್ನೊಬ್ಬರ ಉಪ್ಪಿನ ಮಜ್ಜಿಗೆ ಕುಡ್ಕೊಂಡು ಸಾಯೋವರೆಗೆ ಕೂರೋರು ಯಾರು? ಸಭೆಯಲ್ಲಿ ಮಂತ್ರಿಗಳು ನೆಲ ನೋಡಿದರು. ಕರಣಿಕರು ಸೂರು ನೋಡಿದರು. ಹಿಂದಿನ ಸಾಲಿನಲ್ಲಿ ಒಂದು ಕೋಲು ಠಕ್ಕೆಂದಿತು. ಬಿಲ್ಲಪ್ಪ ಎದ್ದ.

"ನಾನು ಹೋಗ್ತೀನಿ."

ಎಳೆಯ ಅರಸ ಹೇಳಿದ: "ತಾತ, ನಿಮಗೆ ಕೇರೋದು ಯಾವುದು, ಒನೆಯೋದು ಯಾವುದು ಗೊತ್ತಾ?"

"ಗೊತ್ತಿಲ್ಲ ಬುದ್ಧಿ. ಅವರನ್ನೇ ಕೇಳಿ ಕಲೀತೀನಿ. ಕಲಿಸಿಕೊಡ್ತಾರೆ."

ದೂತ ನಕ್ಕ. "ಕಲಿಸ್ತೀವಿ ತಾತ. ನಮ್ಮಮ್ಮನ ಮಣೆ ನಿಮಗೆ ಚಿಕ್ಕದಾಗುತ್ತೆ, ಬೇರೆ ಮಾಡಿಸ್ತೀವಿ."

ಹಾಗೆ ದಳವಾಯಿ ಬಿಲ್ಲಪ್ಪ ಕೊನೆಗೂ ಹೊಳೆ ದಾಟಿದ. ದಾಟಬೇಕು ಅಂತ ಒಂದು ಕಾಲಕ್ಕೆ ದಂಡೆಯಲ್ಲಿ ಕಾದು ಕೂತಿದ್ದ ಮನುಷ್ಯ. ಆಚೆ ದಡದಲ್ಲಿ ಹೆಂಗಸರು ಮೊರ ಕಂಕುಳಲ್ಲಿಟ್ಟುಕೊಂಡು ಕಾಯ್ತಾ ನಿಂತಿದ್ದರು. ಅವನು ಇಳಿದ ಮೇಲೆ ಒಲೆಗಳು ಹತ್ತಿಕೊಂಡವು.

ಹೊಳೆ ಅಲ್ಲೇ ಉಳೀತು, ದಂಡೆ ಅಲ್ಲೇ ಉಳಿದವು, ಕಥೆ ಒಂದೇ ದಾಟಿ ಈಚೆ ಬಂದು ಈ ಮಾಳಿಗೆ ಮೇಲೆ ನಿಮ್ಮ ಜೊತೆ ಕೂತಿತು. ಹೂಂ ಅಂದೋರ ಒಲೆ ಉರೀಲಿ, ಅನ್ನದೇ ಇದ್ದೋರ ಒಲೆಯೂ ಉರೀಲಿ.

ಸಿಂಚನಾ, ಎಲ್ಲಿದ್ದೀಯ ಮಗಳೇ? ಇದನ್ನ ಬರೆದುಕೋ, ನಾನು ಹೇಳಿದ ಹಾಗೇ ಬರಿ. ಬಿಲ್ಲಪ್ಪ ಹೊಳೆ ದಾಟಿದಾಗ ಅವನ ಕೈಯಲ್ಲಿ ಇದ್ದದ್ದು ಕೋಲು. ಅದನ್ನ ಬಿಡಬೇಡ.